ಆರು ತುಂಬಿದರೆ ಸಾಕೇ? ಒಂದನೇ ತರಗತಿಯ ಹೊಸ್ತಿಲಲ್ಲಿ ಮಗುವಿನ ಮನಸ್ಸು

ಜೂನ್ ತಿಂಗಳ ಎರಡನೇ ವಾರದಲ್ಲಿ ಒಂದು ದಿನ ಹಳ್ಳಿಯೊಂದರ ಸರ್ಕಾರಿ ಶಾಲೆಯ ನಲಿಕಲಿ ಕೊಠಡಿಯಲ್ಲಿ (ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು ಚಟುವಟಿಕೆಯ ಮೂಲಕ ಕಲಿಯುವ ಕೊಠಡಿ) ಬೆಳಗಿನಿಂದ ಸಂಜೆಯವರೆಗೆ ಕುಳಿತಿದ್ದೆ. ಮಕ್ಕಳ ಚೀಲಗಳೆಲ್ಲ ಗೋಡೆಗೆ ಒರಗಿ ಸಾಲಾಗಿದ್ದವು. ಒಬ್ಬ ಹುಡುಗ ಮಾತ್ರ ಚೀಲವನ್ನು ಬೆನ್ನಿನಿಂದ ಇಳಿಸಿರಲಿಲ್ಲ. ಉಳಿದವರು ಕುಣಿದು ಹಾಡುವಾಗಲೂ, ಬಿಸಿಯೂಟಕ್ಕೆ ಕೈ ತೊಳೆಯಲು ಸಾಲಿನಲ್ಲಿ ನಿಂತಾಗಲೂ, ಅನ್ನ ಸಾರು ಉಣ್ಣುವಾಗಲೂ ಅದು ಬೆನ್ನ ಮೇಲೆಯೇ ಇತ್ತು. ಶಿಕ್ಷಕಿಯನ್ನು ಕೇಳಿದೆ. ‘ಇಳಿಸಿದರೆ ಇಲ್ಲೇ ಇರಬೇಕಾಗುತ್ತೆ ಅಂತ ಅವನ ಲೆಕ್ಕ. ಹಾಗಾಗಿ ನಾನು ಇಳಿಸು ಅಂತ ಹೇಳಿಲ್ಲ’ ಎಂದರು. ಆ ಹುಡುಗ ಒಂಬತ್ತನೇ ದಿನ ತಾನೇ ಚೀಲ ಇಳಿಸಿ ಗೋಡೆಗೆ ಒರಗಿಸಿದನೆಂದು ಆಮೇಲೆ ತಿಳಿಯಿತು. ಅವನು ಬಳಪ ಹಿಡಿದು ಗೀಚಲು ತೊಡಗಿದ್ದು ಅದರ ಮಾರನೆಯ ದಿನ.

ಒಂದನೇ ತರಗತಿಗೆ ಮಗುವಿನ ಸಿದ್ಧತೆ ಎಂದರೇನು ಎಂಬ ಪ್ರಶ್ನೆ ಬಂದಾಗಲೆಲ್ಲ ನನಗೆ ಆ ಚೀಲ ನೆನಪಾಗುತ್ತದೆ. ಕಳೆದ ಕೆಲವು ವರ್ಷಗಳಿಂದ ಕರ್ನಾಟಕದಲ್ಲಿ ಈ ಪ್ರಶ್ನೆ ಬಹುಮಟ್ಟಿಗೆ ಒಂದು ಅಂಕಿಯ ಸುತ್ತಲೇ ತಿರುಗುತ್ತಿದೆ. 2022ರ ಜುಲೈನಲ್ಲಿ ರಾಜ್ಯ ಸರ್ಕಾರ, ಜೂನ್ 1ಕ್ಕೆ ಆರು ವರ್ಷ ತುಂಬಿದ ಮಕ್ಕಳನ್ನಷ್ಟೇ ಒಂದನೇ ತರಗತಿಗೆ ಸೇರಿಸಿಕೊಳ್ಳಬೇಕೆಂದು ಆದೇಶಿಸಿತು. ಅದಕ್ಕೂ ಮೊದಲು ಕನಿಷ್ಠ ವಯಸ್ಸು ಐದು ವರ್ಷ ಐದು ತಿಂಗಳು ಇತ್ತು. ಪೋಷಕರ ವಿರೋಧದಿಂದಾಗಿ ಹೊಸ ನಿಯಮದ ಜಾರಿ 2025-26ನೇ ಸಾಲಿಗೆ ಮುಂದೆ ಹೋಯಿತು. ಆ ಸಾಲು ಹತ್ತಿರವಾದಾಗ, 2025ರ ಏಪ್ರಿಲ್‌ನಲ್ಲಿ, ಯುಕೆಜಿ ಮುಗಿಸಿದ ಮಕ್ಕಳಿಗೆ ಆ ಒಂದು ವರ್ಷದ ಮಟ್ಟಿಗೆ ಮತ್ತೆ ಐದು ವರ್ಷ ಐದು ತಿಂಗಳಿಗೇ ಸಡಿಲಿಕೆ ಕೊಡಲಾಯಿತು. 2026-27ರಿಂದ ಆರು ವರ್ಷ ಕಡ್ಡಾಯವೆಂದೂ ಆಗಲೇ ಹೇಳಲಾಯಿತು. ಈ ಅವಧಿಯುದ್ದಕ್ಕೂ ಕೆಲವೇ ದಿನಗಳ ಅಂತರದಲ್ಲಿ ‘ಒಂದು ವರ್ಷ ಹಾಳಾಗುವ’ ಮಕ್ಕಳ ಬಗ್ಗೆ ಬೇಕಾದಷ್ಟು ಚರ್ಚೆಯಾಯಿತು. ಆ ವರ್ಷದಲ್ಲಿ ಮಗುವಿನ ಮನಸ್ಸಿಗೆ ಏನು ಸಿಗಬೇಕು, ಒಂದನೇ ತರಗತಿಯ ಕೊಠಡಿ ಅದನ್ನು ಹೇಗೆ ಬರಮಾಡಿಕೊಳ್ಳಬೇಕು ಎಂಬ ಮಾತು ಮಾತ್ರ ಹಿಂದೆಯೇ ಉಳಿಯಿತು.

ವಯಸ್ಸು ಮುಖ್ಯವಲ್ಲ ಎಂದು ನಾನು ಹೇಳುತ್ತಿಲ್ಲ. ಮುಖ್ಯವೇ. ಡೆನ್ಮಾರ್ಕ್‌ನಲ್ಲಿ ಮಕ್ಕಳು ಶಾಲೆ ಸೇರುವ ವಯಸ್ಸಿನ ಬಗ್ಗೆ ನಡೆದು 2015ರಲ್ಲಿ ಹೊರಬಂದ ಅಧ್ಯಯನವೊಂದು, ಒಂದು ವರ್ಷ ತಡವಾಗಿ ಸೇರಿದ ಮಕ್ಕಳಲ್ಲಿ ಏಳನೇ ವಯಸ್ಸಿಗೆ ಚಂಚಲತೆ ಮತ್ತು ಗಮನ ನಿಲ್ಲದಿರುವ ತೊಂದರೆ ಗಣನೀಯವಾಗಿ ಕಡಿಮೆ ಇತ್ತೆಂದೂ, ಆ ಲಾಭ ಹನ್ನೊಂದನೇ ವಯಸ್ಸಿನವರೆಗೂ ಉಳಿದಿತ್ತೆಂದೂ ತೋರಿಸಿತು. ಆದರೆ ಅಲ್ಲಿ ಶಾಲೆಗೆ ಕಾಯುವ ಮಗು ಆ ವರ್ಷವನ್ನು ಆಟವೇ ಮುಖ್ಯವಾದ ಒಳ್ಳೆಯ ಶಿಶುಕೇಂದ್ರದಲ್ಲಿ ಕಳೆಯುತ್ತದೆ. ನಮ್ಮಲ್ಲಿ ಕಾಯುವ ಮಗುವಿನ ಪಾಡು ಬೇರೆ. ನಗರದಲ್ಲಾದರೆ ಅದು ಶುಲ್ಕ ಕಟ್ಟಿ ಎರಡನೇ ಸಲ ಯುಕೆಜಿಯಲ್ಲಿ ಕೂತು, ಕಲಿತ ಅಕ್ಷರಗಳನ್ನೇ ತಿದ್ದುತ್ತದೆ. ಜೊತೆಯ ಗೆಳೆಯರು ಮುಂದೆ ಹೋದರೆ ತಾನು ಫೇಲಾದೆ ಎಂದುಕೊಳ್ಳುತ್ತದೆ. ಹಳ್ಳಿಯಲ್ಲಾದರೆ ಅಂಗನವಾಡಿಯಲ್ಲಿ ಮೂರು ವರ್ಷದ ಮಕ್ಕಳ ನಡುವೆ ದೊಡ್ಡದಾಗಿ ಕೂರುತ್ತದೆ, ಇಲ್ಲವೇ ಅಣ್ಣನ ಕೈ ಹಿಡಿದು ಶಾಲೆಗೆ ಬಂದು ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದೆ ಹಿಂದಿನ ಸಾಲಿನಲ್ಲಿ ಕೂರುತ್ತದೆ. ಕಾಯುವುದರಿಂದಲೇ ಮಗು ಮಾಗುವುದಿಲ್ಲ.

ಕಾನೂನು ಒಂದನ್ನು ಹೇಳಿದರೂ ಕೊಠಡಿಯಲ್ಲಿ ಇರುವುದು ಇನ್ನೊಂದು. 2019ರಲ್ಲಿ ನಾಲ್ಕರಿಂದ ಎಂಟು ವರ್ಷದ ಗ್ರಾಮೀಣ ಮಕ್ಕಳನ್ನು ಕುರಿತು ದೇಶದ 26 ಜಿಲ್ಲೆಗಳಲ್ಲಿ ನಡೆದ ‘ಅಸರ್’ ಎಂಬ ಶಿಕ್ಷಣ ಸಮೀಕ್ಷೆಯ ಪ್ರಕಾರ, ಒಂದನೇ ತರಗತಿಯಲ್ಲಿದ್ದ ಮಕ್ಕಳಲ್ಲಿ ಆರು ವರ್ಷದವರು ಶೇ 41.7 ಮಾತ್ರ. ನಾಲ್ಕೈದು ವರ್ಷದವರು ಶೇ 21.9, ಏಳೆಂಟು ವರ್ಷದವರು ಶೇ 36.4 ಇದ್ದರು. ಅದೇ ಸಮೀಕ್ಷೆ ಅಕ್ಷರ, ಅಂಕಿಗಳ ಜೊತೆಗೆ ಭಾವನೆಯ ವಿಷಯವನ್ನೂ ಕೇಳಿತ್ತು: ಚಿತ್ರದಲ್ಲಿರುವ ಮುಖ ಖುಷಿಯದೋ, ದುಃಖದ್ದೋ, ಸಿಟ್ಟಿನದೋ, ಭಯದ್ದೋ ಎಂದು ಗುರುತಿಸಬಲ್ಲದೇ? ಆಟದ ಸಾಮಾನಿಗೆ ಜಗಳವಾದರೆ ಏನು ಮಾಡುತ್ತದೆ? ನಮ್ಮ ದೊಡ್ಡ ಸಮೀಕ್ಷೆಗಳಲ್ಲಿ ಇಂಥ ಪ್ರಶ್ನೆಗಳು ಅಪರೂಪ. ಆದರೆ ಪತ್ರಿಕೆಗಳಲ್ಲಿ ಪ್ರತಿ ಸಲ ದೊಡ್ಡ ಅಕ್ಷರದಲ್ಲಿ ಬರುವುದು ಎಷ್ಟು ಮಕ್ಕಳಿಗೆ ಓದಲು ಬರುವುದಿಲ್ಲ ಎಂಬ ಸಂಖ್ಯೆ ಮಾತ್ರ.

ಹಾಗಾದರೆ ಭಾವನಾತ್ಮಕ ಸಿದ್ಧತೆ ಎಂದರೆ ಏನು? ಅಳದಿರುವುದು ಎಂದಲ್ಲ. ಬಿಟ್ಟುಹೋದ ಅಮ್ಮ ಸಂಜೆ ಬರುತ್ತಾಳೆಂದು ನಂಬಿ ಅಷ್ಟು ಹೊತ್ತು ಅವಳಿಲ್ಲದೆ ಇರಬಲ್ಲದೇ? ಬೇಕಾದದ್ದನ್ನು, ಅದರಲ್ಲೂ ನೀರನ್ನು, ಶೌಚಕ್ಕೆ ಹೋಗಬೇಕೆಂಬುದನ್ನು, ಹೊಸಬರೊಬ್ಬರ ಎದುರು ಕೇಳಬಲ್ಲದೇ? ತನ್ನ ಸರದಿ ಬರುವವರೆಗೆ ಕಾಯಬಲ್ಲದೇ? ಬರೆದದ್ದು ತಪ್ಪಾದರೆ ಸ್ಲೇಟನ್ನು ಒರೆಸಿ ಮತ್ತೆ ಬರೆಯುವಷ್ಟು ಬೇಗ ಆ ನೋವಿನಿಂದ ಹೊರಬರಬಲ್ಲದೇ? ಇವೇ ಅದರ ಮುಖ್ಯ ಅಂಶಗಳು. ಮನಶ್ಶಾಸ್ತ್ರಜ್ಞರು ಸ್ವನಿಯಂತ್ರಣ ಎಂದು ಕರೆಯುವ ಈ ಶಕ್ತಿ ಮೂರರಿಂದ ಏಳು ವರ್ಷಗಳ ನಡುವೆ ಅತ್ಯಂತ ವೇಗವಾಗಿ ಬೆಳೆಯುತ್ತದೆ. ಅದಕ್ಕೆ ಆಧಾರವಾದ ಮಿದುಳಿನ ಮುಂಭಾಗ ಪೂರ್ತಿ ಬಲಿಯಲು ಇಪ್ಪತ್ತು ದಾಟಬೇಕು. ಹೀಗಿರುವಾಗ ಐದೂವರೆ ವರ್ಷದ ಮಗು ನಲವತ್ತು ನಿಮಿಷ ಕೈಕಟ್ಟಿ ಕೂರಲಿಲ್ಲವೆಂದರೆ ಅದು ಹಟವಲ್ಲ, ಆ ವಯಸ್ಸಿನ ಗುಣ.

ಇದರಲ್ಲಿ ನಾವು ಸಾಮಾನ್ಯವಾಗಿ ತಪ್ಪಿ ತಿಳಿಯುವ ಸಂಗತಿಯೊಂದಿದೆ. ಮಗು ತನ್ನನ್ನು ತಾನು ಸಮಾಧಾನಪಡಿಸಿಕೊಳ್ಳಲು ಒಬ್ಬಂಟಿಯಾಗಿ ಕಲಿಯುವುದಿಲ್ಲ. ಮೊದಲು ದೊಡ್ಡವರೊಬ್ಬರು ಅದನ್ನು ನೂರಾರು ಸಲ ಸಮಾಧಾನಪಡಿಸಿರಬೇಕು; ಆಮೇಲೆ ಅದು ಆ ದನಿಯನ್ನು ತನ್ನೊಳಗೆ ತಂದುಕೊಳ್ಳುತ್ತದೆ. ಎದೆಗವಚಿ ಬೆನ್ನು ತಟ್ಟುವ ಅಜ್ಜಿಯ ಕೈಯಲ್ಲಿ ನಡೆಯುವುದು ಈ ಕೆಲಸವೇ. ಮಗು ಶಾಲೆಗೆ ಬಂದಾಗ ಅಲ್ಲಿಯೂ ಅಂಥ ಒಬ್ಬರಾದರೂ ಬೇಕು, ಮತ್ತು ಅವರು ದಿನದಿನವೂ ಅವರೇ ಆಗಿರಬೇಕು. ಆದ್ದರಿಂದ ಸಿದ್ಧತೆ ಮಗುವಿನೊಳಗೆ ಇದೆಯೋ ಇಲ್ಲವೋ ಎಂದು ಅಳೆದು ನೋಡುವ ವಸ್ತುವಲ್ಲ. ಅದು ಮಗು ಮತ್ತು ಕೊಠಡಿಯಲ್ಲಿರುವ ದೊಡ್ಡವರ ನಡುವೆ, ಬಹುಪಾಲು ಮೊದಲ ಕೆಲವು ವಾರಗಳಲ್ಲಿ, ಹುಟ್ಟಿಕೊಳ್ಳುವ ನಂಟು. ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ ಪ್ರವೇಶಕ್ಕೆ ಮುನ್ನ ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷಿಸುವುದನ್ನು ನಿಷೇಧಿಸಿ, ಮೊದಲ ಸಲದ ತಪ್ಪಿಗೆ 25,000 ರೂಪಾಯಿವರೆಗೆ ದಂಡವನ್ನೂ ಹೇಳಿದೆ. ಆದರೂ ನಮ್ಮ ನಗರಗಳಲ್ಲಿ ‘ಮಗುವಿನ ಜೊತೆ ಸುಮ್ಮನೆ ಒಂದು ಮಾತುಕತೆ’ ಎಂಬ ಹೆಸರಿನಲ್ಲಿ ಐದು ವರ್ಷದವರನ್ನು ಕೂರಿಸಿ ಬಣ್ಣ, ಆಕಾರ ಕೇಳುವ ಪದ್ಧತಿ ನಿಂತಿಲ್ಲ. ಅಂದು ಬಾಯಿ ಬಿಡದ ಮಗುವಿಗೆ ಏನೂ ಬರುವುದಿಲ್ಲ ಎಂದು ಬರೆದುಕೊಳ್ಳುತ್ತಾರೆ. ಹೊಸ ಜಾಗದಲ್ಲಿ ಹೊಸಬರೆದುರು ಮಾತು ನುಂಗಿಕೊಳ್ಳುವುದು ಎಚ್ಚರದ ಮಗುವಿನ ಲಕ್ಷಣ ಎಂಬುದು ಅವರಿಗೆ ತೋಚುವುದಿಲ್ಲ.

ಈ ಗುಣಗಳಿಗೂ ಮುಂದಿನ ಓದಿಗೂ ಸಂಬಂಧವಿದೆಯೇ ಎಂದು ಪೋಷಕರು ಕೇಳುತ್ತಾರೆ. ಅವರ ಪ್ರಶ್ನೆ ನ್ಯಾಯವಾದದ್ದೇ. ಅಮೆರಿಕದಲ್ಲಿ ಶಿಶುವಿಹಾರದ ಶಿಕ್ಷಕರು ಏಳುನೂರಕ್ಕೂ ಹೆಚ್ಚು ಮಕ್ಕಳ ನಡವಳಿಕೆಯನ್ನು, ಅಂದರೆ ಹಂಚಿಕೊಳ್ಳುವುದು, ಇತರರಿಗೆ ನೆರವಾಗುವುದು, ಜಗಳವನ್ನು ತಾವೇ ಬಗೆಹರಿಸಿಕೊಳ್ಳುವುದು ಮುಂತಾದವನ್ನು ದಾಖಲಿಸಿದ್ದರು. ಅದೇ ಮಕ್ಕಳನ್ನು ಇಪ್ಪತ್ತೈದನೇ ವಯಸ್ಸಿನವರೆಗೆ ಹಿಂಬಾಲಿಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಈ ಗುಣಗಳಲ್ಲಿ ಮುಂದಿದ್ದವರು ಶಾಲೆ ಮುಗಿಸುವ, ಸ್ಥಿರವಾದ ಉದ್ಯೋಗದಲ್ಲಿರುವ ಸಾಧ್ಯತೆ ಹೆಚ್ಚಾಗಿತ್ತು. ಪೊಲೀಸರ ಕೈಗೆ ಸಿಕ್ಕಿಬೀಳುವ ಸಾಧ್ಯತೆ ಕಡಿಮೆ ಇತ್ತು. ಒಂದು ಇನ್ನೊಂದಕ್ಕೆ ಕಾರಣ ಎಂದು ಇಂಥ ಅಧ್ಯಯನ ಸಾಧಿಸಲಾರದು, ಮನೆಯ ಪರಿಸ್ಥಿತಿಯೂ ಅದರಲ್ಲಿ ಬೆರೆತಿರುತ್ತದೆ. ಆದರೆ ಭಯದಲ್ಲಿರುವ ಮಗುವಿಗೆ ಪಾಠ ಹತ್ತುವುದಿಲ್ಲ ಎಂಬುದಕ್ಕೆ ಅಮೆರಿಕದ ಸಾಕ್ಷಿಯೇ ಬೇಕಿಲ್ಲ. ಒಂದನೇ ತರಗತಿಗೆ ಪಾಠ ಮಾಡಿದ ಯಾರನ್ನು ಕೇಳಿದರೂ ಸಾಕು.

ಮನೆಯಿಂದಲೇ ನೋಡೋಣ. ಶಾಲೆ ಸೇರುವ ಮುಂಚಿನ ಬೇಸಿಗೆಯಲ್ಲಿ ನಮ್ಮ ಮಕ್ಕಳು ಕೇಳಿಸಿಕೊಳ್ಳುವ ಮಾತು ಯಾವುದು? ‘ಇರು, ಜೂನ್ ಬರಲಿ, ಮೇಷ್ಟ್ರು ಕೋಲು ಹಿಡಿದು ಕಾಯ್ತಾ ಇದ್ದಾರೆ.’ ಊಟ ಮಾಡದ ಮಗುವಿಗೆ, ಹಟ ಮಾಡುವ ಮಗುವಿಗೆ, ಮಲಗದ ಮಗುವಿಗೆ ಎಲ್ಲಕ್ಕೂ ಇದೇ ಮದ್ದು. ಹೇಳುವವರಿಗೆ ಅದು ತಮಾಷೆ. ಮಗುವಿಗೆ ಅದು ತಾನು ನಾಳೆ ಹೋಗಲಿರುವ ಜಾಗದ ಬಗ್ಗೆ ಸಿಕ್ಕಿರುವ ಏಕೈಕ ಮಾಹಿತಿ. ಇದರ ಜೊತೆಗೆ, ‘ಅಂಗಡಿಗೆ ಹೋಗಿ ಈಗ ಬಂದೆ’ ಎಂದು ಸುಳ್ಳು ಹೇಳಿ ಶಾಲೆಯ ಬಾಗಿಲಿನಿಂದ ಕಣ್ತಪ್ಪಿಸಿ ಹೋಗುವ ಪರಿಪಾಠವೂ ನಮ್ಮಲ್ಲಿ ಸಾಕಷ್ಟಿದೆ. ಮಗು ಅಳುವುದನ್ನು ನೋಡಲಾರದೆ ಹಾಗೆ ಮಾಡುತ್ತಾರೆ, ಅದರಲ್ಲಿ ಕೆಟ್ಟ ಉದ್ದೇಶವಿಲ್ಲ. ಆದರೆ ಅಂದು ಅತ್ತು ಸುಮ್ಮನಾಗಬಹುದಾಗಿದ್ದ ಮಗು ಮಾರನೆಯ ದಿನದಿಂದ ಕಣ್ಣು ಮಿಟುಕಿಸದೆ ಬಾಗಿಲನ್ನೇ ಕಾಯುತ್ತದೆ. ‘ಊಟ ಆದ ಮೇಲೆ ಎರಡು ಪಿರಿಯಡ್ ಇರುತ್ತೆ, ಆಮೇಲೆ ಗಂಟೆ ಹೊಡೀತಾರೆ, ಆಗ ನಾನು ಆ ಬೇವಿನ ಮರದ ಕೆಳಗೆ ನಿಂತಿರ್ತೀನಿ’ ಎಂದು ನಿಜ ಹೇಳಿ, ಅದರಂತೆ ಅಲ್ಲಿ ನಿಂತಿದ್ದರೆ, ಅಳು ಎರಡು ದಿನ ಹೆಚ್ಚಾದರೂ ನಂಬಿಕೆ ಉಳಿಯುತ್ತದೆ. ಕೂಲಿಗೆ ಹೋಗುವ ತಾಯಿಗೆ ಗಂಟೆ ಹೊಡೆಯುವ ಹೊತ್ತಿಗೆ ಬರಲಾಗದಿರಬಹುದು. ಆಗ ಬರುವವರು ಅಜ್ಜಿಯೋ ಅಕ್ಕನೋ ಎಂಬುದನ್ನಾದರೂ ಬೆಳಿಗ್ಗೆಯೇ ಹೇಳಬಹುದು.

ಇನ್ನು ಮಾತಿನ ವಿಷಯ. ಭಾಷೆಯನ್ನು ನಾವು ಮಾಧ್ಯಮದ ವಿವಾದವಾಗಿ ಮಾತ್ರ ನೋಡುತ್ತೇವೆ, ಆದರೆ ಆರು ವರ್ಷದ ಮಗುವಿಗೆ ಅದು ಮೊದಲಿಗೆ ಧೈರ್ಯದ ಪ್ರಶ್ನೆ. ‘ಒಂದಕ್ಕೆ ಹೋಗ್ಲಾ ಮಿಸ್?’ ಎಂದು ಕಿರುಬೆರಳು ತೋರಿಸುವುದು ಶಾಲೆಗೆ ಹೋದ ನಮಗೆಲ್ಲ ಉಸಿರಾಟದಷ್ಟು ಸಹಜ. ಮನೆಯಲ್ಲಿ ಲಂಬಾಣಿಯನ್ನೋ ಉರ್ದುವನ್ನೋ ತುಳುವನ್ನೋ ಆಡುವ ಮಗುವಿಗೆ ಆ ಪದವೂ ಗೊತ್ತಿಲ್ಲ, ಆ ಬೆರಳಿನ ಅರ್ಥವೂ ಗೊತ್ತಿಲ್ಲ. ತಾಂಡಾದಿಂದ ಬಂದ ಹುಡುಗಿಯೊಬ್ಬಳು ಮೊದಲ ವಾರದಲ್ಲಿ ಎರಡು ಸಲ ಕೂತಲ್ಲೇ ಬಟ್ಟೆ ಒದ್ದೆ ಮಾಡಿಕೊಂಡಳು. ಮೂರನೇ ದಿನ ಶಾಲೆಗೆ ಬರುವುದಿಲ್ಲವೆಂದು ಕಂಬ ಹಿಡಿದು ನಿಂತಳು. ಶಿಕ್ಷಕಿ ನಾಲ್ಕನೇ ತರಗತಿಯಲ್ಲಿದ್ದ ಅದೇ ತಾಂಡಾದ ಹುಡುಗಿಯನ್ನು ಕರೆಸಿ, ಶೌಚಕ್ಕೆ, ನೀರಿಗೆ, ಹೊಟ್ಟೆನೋವಿಗೆ ಅವರ ಮಾತಿನಲ್ಲಿ ಏನೆನ್ನುತ್ತಾರೆಂದು ಕೇಳಿ ಬರೆದುಕೊಂಡರು. ಮಾರನೆಯ ಬೆಳಿಗ್ಗೆ ಇಡೀ ತರಗತಿಗೆ ಆ ಪದಗಳನ್ನು ಹೇಳಿಕೊಟ್ಟರು. ಕನ್ನಡದ ಮಕ್ಕಳೆಲ್ಲ ಆ ಪದಗಳನ್ನು ಕೂಗಿ ನಕ್ಕಾಗ ಆ ಹುಡುಗಿ ಮೊದಲ ಬಾರಿಗೆ ತಲೆ ಎತ್ತಿದಳು, ಉಚ್ಚಾರ ತಪ್ಪಾದವರನ್ನು ತಿದ್ದಿದಳು. ಇಷ್ಟಕ್ಕೆ ಹಣ ಬೇಕಾಗಲಿಲ್ಲ, ಸುತ್ತೋಲೆ ಬೇಕಾಗಲಿಲ್ಲ. ನೆಲದ ಮೇಲಿನ ನೀರನ್ನು ಶಿಸ್ತಿನ ಪ್ರಶ್ನೆಯಾಗಿ ನೋಡದ ಒಬ್ಬ ಶಿಕ್ಷಕಿ ಬೇಕಾಗಿತ್ತು. ಇದೇ ಮಾತನ್ನು ಇಂಗ್ಲಿಷ್ ಮಾಧ್ಯಮಕ್ಕೂ ಅನ್ವಯಿಸಿ ನೋಡಬೇಕು. ಮನೆಯಲ್ಲಿ ಕನ್ನಡವಷ್ಟೇ ಇರುವ ಮಗುವನ್ನು ಒಂದನೇ ತರಗತಿಯಿಂದಲೇ ಇಂಗ್ಲಿಷಿನಲ್ಲಿ ಕೂರಿಸುವ ಪೋಷಕರ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಹೊಟ್ಟೆ ನೋಯುತ್ತಿದೆ ಎಂದು ಹೇಳಲು ಮಗುವಿಗೆ ಕನ್ನಡ ಬಳಸುವ ಅವಕಾಶವಾದರೂ ಆ ಕೊಠಡಿಯಲ್ಲಿರಬೇಕು. ‘ಓನ್ಲಿ ಇಂಗ್ಲಿಷ್’ ಎಂಬ ಫಲಕ ತೂಗುಹಾಕಿದ ತರಗತಿ ಚಿಕ್ಕ ಮಗುವಿನ ಬಾಯಿ ಕಟ್ಟುತ್ತದೆ.

ಶಾಲೆಯ ಕಡೆಗೆ ಬಂದರೆ, ನಮ್ಮ ಕೈಯಲ್ಲಿ ಏನೂ ಇಲ್ಲವೆಂದಲ್ಲ. 1995ರ ಹೊತ್ತಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿವ್ಯಾಲಿ ಶಾಲೆಯ ಪ್ರಯೋಗವನ್ನು ನೋಡಿ ಬಂದ ಸರ್ಕಾರಿ ಶಾಲೆಯ ಶಿಕ್ಷಕರೇ ರೂಪಿಸಿ, 2009-10ರಿಂದ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿಕಲಿ, ಅಕ್ಷರ ಕಲಿಸುವ ವಿಧಾನವೆಂದೇ ಹೆಸರಾಗಿದೆ. ಆದರೆ ಅದರ ನಿಜವಾದ ಬಲ ಮಗುವಿನ ಮನಸ್ಸನ್ನು ಅರಿತು ಮಾಡಿದ ಏರ್ಪಾಡಿನಲ್ಲಿದೆ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ಬೆರೆತು ಕೂರುವುದರಿಂದ ಹೊಸ ಮಗುವಿಗೆ ಕೈ ಹಿಡಿಯುವ ಅಕ್ಕ, ಅಣ್ಣ ಪಕ್ಕದಲ್ಲೇ ಇರುತ್ತಾರೆ. ಹವಾಮಾನ ನಕ್ಷೆಯಲ್ಲಿ ಇಂದು ಮೋಡವೋ ಬಿಸಿಲೋ ಎಂದು ಮಗುವೇ ಗುರುತು ಹಾಕುತ್ತದೆ. ಅದು ಬರೆದ ಚಿತ್ರ ತಲೆಯ ಮೇಲಿನ ಚಪ್ಪರದಲ್ಲಿ ತೂಗುತ್ತದೆ. ಬರೆಯುವ ಕಪ್ಪುಹಲಗೆ ಅದರ ಎತ್ತರಕ್ಕೇ ಇರುತ್ತದೆ. ಜ್ವರ ಬಂದೋ ಗುಳೆ ಹೋಗಿಯೋ ತಿಂಗಳು ತಪ್ಪಿಸಿಕೊಂಡ ಮಗು ಬಂದಾಗ ಕಲಿಕಾ ಏಣಿಯಲ್ಲಿ ತಾನು ನಿಲ್ಲಿಸಿದ ಮೆಟ್ಟಿಲಿನಿಂದಲೇ ಮುಂದೆ ಹತ್ತುತ್ತದೆ, ‘ಇಷ್ಟು ದಿನ ಎಲ್ಲಿ ಹೋಗಿದ್ದೆ, ಪಾಠ ಮುಂದೆ ಹೋಯಿತು’ ಎಂಬ ಮಾತು ಅಲ್ಲಿಲ್ಲ. ಮಗುವಿಗೆ ಅವಮಾನವಾಗದಂತೆ ತಪ್ಪಲು, ತಡೆಯಲು, ಹಿಂದೆ ಉಳಿಯಲು ಎಡೆ ಮಾಡಿಕೊಟ್ಟ ಇಂಥ ಇನ್ನೊಂದು ವ್ಯವಸ್ಥೆಯನ್ನು ನಮ್ಮ ಸಾರ್ವಜನಿಕ ಶಿಕ್ಷಣದಲ್ಲಿ ನಾನು ಕಂಡಿಲ್ಲ.

ಅದು ಸೊರಗಿರುವುದು ಬಳಕೆಯಲ್ಲಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಪ್ರಾಥಮಿಕ ಹಂತದಲ್ಲಿ ಮೂವತ್ತು ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕು. ಆದರೆ ಸಣ್ಣ ಶಾಲೆಗಳಲ್ಲಿ ನಲಿಕಲಿಯ ಶಿಕ್ಷಕಿಯೇ ನಾಲ್ಕು, ಐದನೇ ತರಗತಿಯನ್ನೂ ನೋಡಿಕೊಂಡು, ಬಿಸಿಯೂಟದ ಲೆಕ್ಕ ಬರೆದು, ಮುಖ್ಯಶಿಕ್ಷಕರ ಪ್ರಭಾರವನ್ನೂ ಹೊತ್ತು, ತರಬೇತಿಗೆಂದು ತಾಲ್ಲೂಕು ಕೇಂದ್ರಕ್ಕೆ ಹೋಗಬೇಕಾಗುತ್ತದೆ. ಅತಿಥಿ ಶಿಕ್ಷಕರ ನೇಮಕವಾಗುವಷ್ಟರಲ್ಲಿ ಮೊದಲ ವಾರಗಳು ಕಳೆದಿರುತ್ತವೆ. ಚೀಲ ಇಳಿಸದ ಹುಡುಗನಿಗೆ ಒಂಬತ್ತು ದಿನ ಸಿಕ್ಕಿದ್ದು ಅವನ ಶಿಕ್ಷಕಿ ಆ ಒಂಬತ್ತು ದಿನವೂ ಕೊಠಡಿಯಲ್ಲಿದ್ದುದರಿಂದ. ನಾಲ್ಕನೇ ದಿನ ಬೇರೊಬ್ಬರು ಬಂದು ಚೀಲ ಕಿತ್ತಿಟ್ಟಿದ್ದರೆ ಮತ್ತೆ ಮೊದಲಿನಿಂದ ಆರಂಭ.

ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಆರಂಭಿಸಿದ ‘ವಿದ್ಯಾ ಪ್ರವೇಶ’ ಕಾರ್ಯಕ್ರಮ ಒಂದನೇ ತರಗತಿಯ ಮೊದಲ ಮೂರು ತಿಂಗಳನ್ನು ಆಟದ ಮೂಲಕ ಶಾಲೆಗೆ ಒಗ್ಗಿಸಲು ಮೀಸಲಿಟ್ಟಿತು. ಕಾಗದದ ಮೇಲೆ ಇದು ಬಹಳ ಸರಿಯಾದ ನಿರ್ಧಾರ. ಕೊಠಡಿಯಲ್ಲಿ ಇದಕ್ಕೆ ಎದುರಾಗುವುದು ಪೋಷಕರ ಪ್ರಶ್ನೆ: ‘ಆಗಸ್ಟ್ ಬಂತು, ಇನ್ನೂ ರ ಗ ಸ ದ ಅಂತಲೇ ಇದ್ದೀರಲ್ಲ, ಪಕ್ಕದ ಕಾನ್ವೆಂಟಿನಲ್ಲಿ ವಾಕ್ಯ ಬರೆಸ್ತಾ ಇದ್ದಾರೆ.’ ದಾಖಲಾತಿ ಕುಸಿಯುತ್ತಿರುವ ಶಾಲೆಯ ಶಿಕ್ಷಕಿ ಈ ಮಾತಿಗೆ ಎಷ್ಟು ದಿನ ಎದುರು ನಿಲ್ಲಬಲ್ಲಳು? ಭೇಟಿಗೆ ಬರುವ ಅಧಿಕಾರಿಯೂ ಮೊದಲು ಕೇಳುವುದು ಎಷ್ಟು ಮಕ್ಕಳಿಗೆ ಅಕ್ಷರ ಬಂತು ಎಂದೇ. ಎಷ್ಟು ಮಕ್ಕಳು ಅಳು ನಿಲ್ಲಿಸಿದ್ದಾರೆ, ಎಷ್ಟು ಮಕ್ಕಳು ಈಗ ತಾವಾಗಿ ಮಾತಾಡುತ್ತಾರೆ, ಯಾವ ಮಗು ಊಟ ಬಿಡುತ್ತಿದೆ ಎಂದು ಜೂನ್ ಕೊನೆಯಲ್ಲಿ ಸಿಆರ್‌ಪಿ (ಸುತ್ತಲಿನ ಕೆಲವು ಶಾಲೆಗಳನ್ನು ನೋಡಿಕೊಳ್ಳುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಒಮ್ಮೆ ಕೇಳಿದರೆ ಸಾಕು, ಶಿಕ್ಷಕಿಗೆ ಆ ಕೆಲಸಕ್ಕೂ ಬೆಲೆಯಿದೆ ಎಂದು ತಿಳಿಯುತ್ತದೆ. ಅಕ್ಷರ ಕಲಿಸಬಾರದೆಂದಲ್ಲ, ನೆಮ್ಮದಿಯಾಗಿರುವ ಮಗು ಸೆಪ್ಟೆಂಬರಿನಲ್ಲಿ ಕಲಿಯುವ ವೇಗವನ್ನು ಕಂಡವರು ಜೂನ್‌ನಲ್ಲಿ ಅವಸರಪಡುವುದಿಲ್ಲ.

ಹೊಡೆತದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. 29ನೇ ಕಲಂ ಮಗುವನ್ನು ಭಯ ಮತ್ತು ಆತಂಕದಿಂದ ಮುಕ್ತಗೊಳಿಸುವುದನ್ನು ಪಠ್ಯಕ್ರಮದ ಗುರಿಗಳಲ್ಲೇ ಸೇರಿಸಿದೆ. ಕೋಲು ಬಹುಮಟ್ಟಿಗೆ ಹೋಗಿದೆ, ನಾಲಿಗೆ ಹೋಗಿಲ್ಲ. ‘ನಿಮ್ಮಕ್ಕ ಎಷ್ಟು ಜಾಣೆ, ನೀನ್ಯಾಕೆ ಹಿಂಗೆ’ ಎಂಬ ಒಂದು ವಾಕ್ಯದಿಂದ ಆರು ವರ್ಷದ ಮಗು ಇಡೀ ವರ್ಷ ಕೈ ಎತ್ತದೆ ಕೂರಬಹುದು.

ನನ್ನ ದೃಷ್ಟಿಯಲ್ಲಿ ಅತ್ಯಂತ ಕಡಿಮೆ ಖರ್ಚಿನ, ಆದರೆ ಬಹುತೇಕ ಯಾರೂ ಮಾಡದ ಕೆಲಸ ಇನ್ನೊಂದಿದೆ: ಮಗುವಿನ ಬಗ್ಗೆ ಅಂಗನವಾಡಿಗೆ ಗೊತ್ತಿರುವುದನ್ನು ಶಾಲೆಗೆ ತಲುಪಿಸುವುದು. 1975ರಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಸೇರಿದವು. ಶಾಲೆ ಶಿಕ್ಷಣ ಇಲಾಖೆಯದು. ಎಷ್ಟೋ ಊರುಗಳಲ್ಲಿ ಎರಡೂ ಒಂದೇ ಕಾಂಪೌಂಡಿನೊಳಗಿವೆ. ಶಾಲೆಗಳಲ್ಲೇ ಎಲ್‌ಕೆಜಿ, ಯುಕೆಜಿ ತೆರೆಯುವ ಕ್ರಮ ಬಂದಾಗ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದು ವಿರೋಧಿಸಿದರು. ಅವರ ಉದ್ಯೋಗದ ಆತಂಕ ನಿಜವಾದದ್ದು. ಆದರೆ ಆ ಜಗ್ಗಾಟದಲ್ಲಿ ಮರೆತುಹೋದ ಸಂಗತಿಯೆಂದರೆ, ಮೂರು ವರ್ಷ ಕಾಲ ಮಗುವನ್ನು ದಿನವೂ ನೋಡಿದ ಕಾರ್ಯಕರ್ತೆಗೆ ಅದರ ಬಗ್ಗೆ ಗೊತ್ತಿರುವುದೆಲ್ಲ ಮೇ ತಿಂಗಳಲ್ಲಿ ಹಾಗೆಯೇ ನಿಂತುಹೋಗುತ್ತದೆ. ಮಗುವಿನ ತೂಕ, ಎತ್ತರ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ದಾಖಲಾಗುತ್ತವೆ. ಗುಡುಗಿಗೆ ಹೆದರುತ್ತದೆ, ಅಪ್ಪ ತೀರಿಕೊಂಡಿದ್ದಾನೆ, ಮಾತಾಡದಿದ್ದರೂ ಹಾಡು ಬಂದರೆ ದನಿಗೂಡಿಸುತ್ತದೆ ಎಂಬುದು ಎಲ್ಲಿಯೂ ದಾಖಲಾಗುವುದಿಲ್ಲ.

ನಾನು ಹೋಗಿದ್ದ ಆ ಶಾಲೆಯಲ್ಲಿ ಇದಕ್ಕೆ ಯಾರ ಆದೇಶವೂ ಇರಲಿಲ್ಲ. ಶಾಲೆ ತೆರೆಯುವ ಹಿಂದಿನ ದಿನ ಮಧ್ಯಾಹ್ನ ಶಿಕ್ಷಕಿ ಪಕ್ಕದ ಅಂಗನವಾಡಿಗೆ ಹೋಗಿ, ಬರಲಿರುವ ಏಳು ಮಕ್ಕಳ ಹೆಸರನ್ನು ಒಂದೊಂದಾಗಿ ಓದಿದ್ದರು. ಕಾರ್ಯಕರ್ತೆ ಚಾಪೆಯ ಮೇಲೆ ಕೂತು ಅವಲಕ್ಕಿ ಆರಿಸುತ್ತಲೇ ಹೇಳಿದ್ದರಂತೆ: ‘ಇವನು ಊಟಕ್ಕೆ ತಾನಾಗಿ ತಟ್ಟೆ ಚಾಚಲ್ಲ ಮೇಡಂ, ಹಿಂದೆ ನಿಂತು ಬಿಡ್ತಾನೆ, ಹೆಸರು ಹಿಡಿದು ಕರೀಬೇಕು. ಮತ್ತೆ, ಚೀಲ ಇದ್ರೆ ಬಿಡೋದಿಲ್ಲ ನೋಡಿ, ಅವನ ಮಾವ ತಂದುಕೊಟ್ಟಿದ್ದು. ಅದನ್ನ ಮುಟ್ಟಬೇಡಿ.’